ನಮ್ಮೂರ ಆಸ್ಪತ್ರೆಯಲ್ಲಿ ಯಾರನ್ನು ಏನು ಕೇಳಬೇಕು? – ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ನಗರ, ಹರಿಹರ, ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯವರಿಗಾಗಿ ಈ ಪುಟ. ಚಿತ್ರದುರ್ಗ ಜಿಲ್ಲೆಯವರಿಗೂ ಹೆಚ್ಚುಕಮ್ಮಿ ಇದೇ ಅನ್ವಯಿಸುತ್ತದೆ.

ಆಸ್ಪತ್ರೆಗೆ ಹೋದರೆ ಡಾಕ್ಟರ ಕೈಯಲ್ಲಿ ತೋರಿಸಿಕೊಂಡು ಬಂದರೇನೇ ಬಹಳ ಜನಕ್ಕೆ ಸಮಾಧಾನ. ಒಂದು ಬಿ.ಪಿ. ನೋಡಿಸೋಕೂ ಅದೇ ಸಾಲಿನಲ್ಲಿ ನಿಲ್ಲುತ್ತಾರೆ. ಎಷ್ಟೋ ಕೆಲಸ ಬೇರೆ ಸಿಬ್ಬಂದಿ ಹತ್ತಿರ ಬೇಗ ಆಗುತ್ತದೆ. ಕೆಲವಂತೂ ಡಾಕ್ಟರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಹಾಗೆಯೇ ಕೆಲವನ್ನು ಡಾಕ್ಟರ್ ಬಿಟ್ಟು ಯಾರ ಕೈಲೂ ಮಾಡಿಸಬಾರದು. ಯಾವುದಕ್ಕೆ ಯಾರು ಅನ್ನೋದನ್ನು ಕೆಳಗೆ ಬರೆದಿದ್ದೇವೆ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಬಿಟ್ಟು ಇನ್ನೂ ಯಾರ್ಯಾರು ಇರುತ್ತಾರೆ?

ಬಯಲು ಸೀಮೆಯಲ್ಲಿ ಸುಮಾರು 30 ಸಾವಿರ ಜನಕ್ಕೆ ಒಂದು ಪಿಎಚ್‌ಸಿ, 5 ಸಾವಿರ ಜನಕ್ಕೆ ಒಂದು ಉಪಕೇಂದ್ರ ಅನ್ನೋದು ಸರ್ಕಾರದ ಲೆಕ್ಕ. ಪಿಎಚ್‌ಸಿ ಒಳಗೆ ವೈದ್ಯಾಧಿಕಾರಿ, ಸ್ಟಾಫ್ ನರ್ಸ್, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನೀಷಿಯನ್, ಗ್ರೂಪ್ ಡಿ ಸಿಬ್ಬಂದಿ ಇರುತ್ತಾರೆ. ಊರೂರು ತಿರುಗುವವರು ಬೇರೆ. ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಆರೋಗ್ಯ ನಿರೀಕ್ಷಣಾಧಿಕಾರಿ ಆ ಕಡೆಯವರು. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಕೂರುತ್ತಾರೆ.

ಎಲ್ಲಾ ಕಡೆ ಎಲ್ಲಾ ಹುದ್ದೆ ಭರ್ತಿ ಇರುತ್ತೆ ಅಂದುಕೊಳ್ಳಬೇಡಿ. ಹೊರಡುವ ಮುಂಚೆ ನಿಮ್ಮೂರ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, 'ಇವತ್ತು ಲ್ಯಾಬ್‌ನವರು ಇದ್ದಾರಾ ಅಕ್ಕಾ?' ಅಂತ ಒಂದು ಮಾತು ಕೇಳಿ. ಹೆಣ್ಣುಮಕ್ಕಳಿಗೆ ಬಸ್ಸೇನೋ ಫ್ರೀ, ಆದರೆ ಆ ದಿನದ ಕೂಲಿ ಹೋಗುತ್ತಲ್ಲ.

ಚೀಟಿ ಮಾಡಿಸುವಾಗ ಫೋನ್ ನಂಬರ್, ಆಭಾ ನಂಬರ್ ಎಲ್ಲಾ ಯಾಕೆ ಕೇಳುತ್ತಾರೆ?

ನಿಮ್ಮ ಹಳೆಯ ದಾಖಲೆ ಮುಂದಿನ ಸಲ ಸಿಗಲಿ ಅಂತ. ಆಭಾ ಅಂದರೆ 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ. ಅದನ್ನು ಮಾಡಿಸುವುದು ನಿಮ್ಮ ಇಷ್ಟ. ಇಲ್ಲ ಅಂದ ಮಾತ್ರಕ್ಕೆ ಚಿಕಿತ್ಸೆ ಕೊಡದೆ ಕಳಿಸುವಂತಿಲ್ಲ. ಆದರೆ ಹಳೇ ಚೀಟಿ, ಹಳೇ ರಿಪೋರ್ಟು ಮಾತ್ರ ಮರೆಯಬೇಡಿ. ಎಲ್ಲಾ ಹಳೇ ಕಾಗದವೂ ಆ ನಂಬರಿನಲ್ಲಿ ಸಿಕ್ಕೇ ಸಿಗುತ್ತೆ ಅನ್ನುವಂತಿಲ್ಲ.

ಆಶಾ ಕಾರ್ಯಕರ್ತೆ ಅಂದರೆ ನರ್ಸಾ?

ಅಲ್ಲ. ಆಶಾ ಯೋಜನೆ 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಶುರುವಾಯಿತು. ಸುಮಾರು 1000 ಜನಕ್ಕೆ ಒಬ್ಬರು. ಅದೇ ಊರಿನ ಹೆಣ್ಣುಮಗಳು, ತರಬೇತಿ ಪಡೆದಿರುತ್ತಾರೆ. ಇಂಜೆಕ್ಷನ್ ಹಾಕುವುದು, ಗ್ಲೂಕೋಸ್ ಏರಿಸುವುದು ಅವರ ಕೆಲಸ ಅಲ್ಲ. ಹಾಕಿ ಅಂತ ಒತ್ತಾಯ ಮಾಡಬೇಡಿ.

ಅವರ ಚೀಲದಲ್ಲಿ ಏನಿರುತ್ತೆ ಅಂತ ಎಷ್ಟೋ ಮನೆಯವರಿಗೆ ಗೊತ್ತೇ ಇಲ್ಲ. ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣ, ಕಬ್ಬಿಣಾಂಶದ ಮಾತ್ರೆ, ಗರ್ಭ ನಿಂತಿದೆಯಾ ನೋಡುವ ಕಿಟ್, ನಿರೋಧ್, ಗರ್ಭನಿರೋಧಕ ಮಾತ್ರೆ ಇವೆಲ್ಲ ಇರುತ್ತವೆ. ಇದಕ್ಕೆಲ್ಲ ದುಡ್ಡು ಕೊಟ್ಟು ಪೇಟೆಯಿಂದ ತರಬೇಕಿಲ್ಲ. ಮಗುವಿಗೆ ಭೇದಿ ಶುರುವಾದರೆ ಮೊದಲು ಅವರಿಗೆ ಹೇಳಿ. ಓಆರ್‌ಎಸ್ ಹೇಗೆ ಕಲಸಬೇಕು ಅಂತ ಅವರೇ ಮಾಡಿ ತೋರಿಸುತ್ತಾರೆ. ದೊಡ್ಡ ಪೊಟ್ಟಣ ಆದರೆ ಪೂರ್ತಿ ಒಂದು ಲೀಟರ್ ನೀರಿಗೆ. ಅರ್ಧ ಲೋಟಕ್ಕೆ ಒಂದು ಚಮಚ ಅಂತ ಅಂದಾಜಿನ ಮೇಲೆ ಕಲಸಬಾರದು. ಜೊತೆಗೆ ಜಿಂಕ್ ಮಾತ್ರೆ ಕೊಡುತ್ತಾರೆ. ಭೇದಿ ನಿಂತರೂ 14 ದಿನ ಮುಗಿಸಬೇಕು.

ಹೆರಿಗೆ ಆಗಿ ಮನೆಗೆ ಬಂದ ಮೇಲೆ ಅವರು 3, 7, 14, 21, 28 ಮತ್ತು 42ನೇ ದಿನ ಮಗು ನೋಡಲು ಬರಬೇಕು. ತೂಕ, ಮೈ ಬಿಸಿ, ಹೊಕ್ಕಳು, ಹಾಲು ಕುಡಿಯುವ ರೀತಿ ನೋಡುತ್ತಾರೆ. 'ಬಾಣಂತಿ ಕೋಣೆಗೆ ಹೊರಗಿನವರು ಬರಬಾರದು' ಅಂತ ಬಾಗಿಲಲ್ಲೇ ಮಾತಾಡಿಸಿ ಕಳಿಸುವ ಮನೆಗಳು ಇನ್ನೂ ಇವೆ. ಒಳಗೆ ಬಿಡಿ. ಕೈ ತೊಳೆದುಕೊಂಡೇ ಮಗು ಮುಟ್ಟುತ್ತಾರೆ. ಎಷ್ಟೋ ನೆಂಟರು ಅಷ್ಟೂ ಮಾಡಲ್ಲ.

ಊರಿಗೆ ಬರುವ 'ನರ್ಸಮ್ಮ' ಹಾಗಾದರೆ ಯಾರು?

ಮೊದಲು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಅನ್ನುತ್ತಿದ್ದರು. ಈಗ ಅವರ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ಹೆಸರು. ಜನ ಮಾತ್ರ ಈಗಲೂ ನರ್ಸಮ್ಮ ಅಂತಲೇ ಕರೆಯುತ್ತಾರೆ. ಲಸಿಕೆ, ಗರ್ಭಿಣಿಯರ ತಪಾಸಣೆ, ತಾಯಿ ಕಾರ್ಡ್, ಕುಟುಂಬ ಯೋಜನೆ ಇವೆಲ್ಲ ಮುಖ್ಯವಾಗಿ ಅವರ ಕೈಯಲ್ಲಿ.

ಅಂಗನವಾಡಿಯಲ್ಲಿ ಲಸಿಕೆ ದಿನ ಒಂದು ಸಲ ಅವರ ನೀಲಿ ಡಬ್ಬಿ ಒಳಗೆ ಇಣುಕಿ ನೋಡಿ. ನಾಲ್ಕೂ ಕಡೆ ಐಸ್ ಪ್ಯಾಕ್, ನಡುವೆ ಸಣ್ಣ ಸಣ್ಣ ಬಾಟಲಿ. ಬಾಟಲಿ ಮೇಲೆ ನೇರಳೆ ಬಣ್ಣದ ಒಂದು ವೃತ್ತ, ಅದರೊಳಗೆ ತಿಳಿ ಬಣ್ಣದ ಚೌಕ. ಬಿಸಿ ತಾಗಿದಂತೆಲ್ಲ ಚೌಕ ಕಪ್ಪಾಗುತ್ತಾ ಬರುತ್ತದೆ. ವೃತ್ತದಷ್ಟೇ ಗಾಢ ಆಯಿತು ಅಂದರೆ ಆ ಲಸಿಕೆ ಹಾಕುವಂತಿಲ್ಲ. ಹಾಕುವ ಮುಂಚೆ ಅವರು ಬಾಟಲಿ ಎತ್ತಿ ಕಣ್ಣ ಹತ್ತಿರ ಹಿಡಿದು ನೋಡುವುದು ಇದನ್ನೇ.

ಇನ್ನೊಂದು ವಿಷಯ. ದಡಾರ-ರುಬೆಲ್ಲಾ ಲಸಿಕೆಯ ಪುಡಿಗೆ ದ್ರವ ಸೇರಿಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು. ಮಿಕ್ಕಿದ್ದನ್ನು ಎಸೆಯಬೇಕು. ಅದಕ್ಕೇ ಆಶಾ ಅಕ್ಕ ಬೆಳಿಗ್ಗೆ ಮನೆಮನೆಗೆ ಬಂದು 'ಹತ್ತು ಗಂಟೆಗೆ ಮಗು ಕರ್ಕೊಂಡು ಬರ್ರಿ' ಅಂತ ಒಂದೇ ಸಮನೆ ಹೇಳುವುದು. ಅಡುಗೆ ಮುಗಿಸಿ ಮೂರು ಗಂಟೆಗೆ ಹೋದರೆ ಬಾಟಲಿ ಇರಲ್ಲ.

ಲಸಿಕೆ ಹಾಕಿಸಿದ ಮೇಲೆ ಜ್ವರ ಬಂತು. ಡಾಕ್ಟರ ಹತ್ತಿರ ಓಡಬೇಕಾ?

ಒಂದೆರಡು ದಿನ ಸಣ್ಣ ಜ್ವರ, ಹಾಕಿದ ಜಾಗದಲ್ಲಿ ಊತ ಸಾಮಾನ್ಯ. ಎಷ್ಟು ಪ್ಯಾರಾಸಿಟಮಾಲ್ ಹನಿ ಕೊಡಬೇಕು ಅಂತ ಲಸಿಕೆ ಹಾಕಿದವರೇ ಮಗುವಿನ ತೂಕ ನೋಡಿ ಹೇಳುತ್ತಾರೆ. ಫಿಟ್ಸ್ ಬಂದರೆ, ಉಸಿರಿಗೆ ಕಷ್ಟ ಪಟ್ಟರೆ, ಬಿಡದೆ ಗಂಟೆಗಟ್ಟಲೆ ಕಿರುಚಿ ಅತ್ತರೆ ಮಾತ್ರ ಕೂಡಲೇ ಡಾಕ್ಟರ್. ಲಸಿಕೆ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ ಅನ್ನುವುದು ಸುಮ್ನೆ ಅಲ್ಲ. ಜೋರು ಅಲರ್ಜಿ ಆದರೆ ಅಷ್ಟರೊಳಗೇ ಗೊತ್ತಾಗುತ್ತದೆ.

ಗರ್ಭಿಣಿಯರಿಗೆ ಯಾರು ಏನು ಮಾಡುತ್ತಾರೆ?

ಮುಟ್ಟು ನಿಂತ ತಕ್ಷಣ ಆಶಾ ಕಾರ್ಯಕರ್ತೆಗೆ ಹೇಳಿ. ಮೂರು ತಿಂಗಳೊಳಗೆ ನೋಂದಣಿ ಆಗಬೇಕು. ತಾಯಿ ಕಾರ್ಡ್ ಕೊಟ್ಟು ತೂಕ, ಬಿ.ಪಿ. ಬರೆದುಕೊಳ್ಳುವುದು ನರ್ಸಮ್ಮ. ರಕ್ತ, ಮೂತ್ರ ಲ್ಯಾಬ್‌ನಲ್ಲಿ. ಕಬ್ಬಿಣಾಂಶದ ಮಾತ್ರೆ ಹೆರಿಗೆಗೆ ಮುಂಚೆ 180, ಆಮೇಲೆ 180. 'ಮಾತ್ರೆ ತಿಂದರೆ ಮಗು ಕಪ್ಪಾಗುತ್ತೆ' ಅನ್ನುವ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ಮಲ ಕಪ್ಪಾಗುತ್ತದೆ, ಅಷ್ಟೇ.

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರೇ ಗರ್ಭಿಣಿಯರನ್ನು ನೋಡುವ ದಿನ. 2016ರಿಂದ ಹೀಗೆ ನಡೆದು ಬಂದಿದೆ. ನಾಲ್ಕು, ಐದನೇ ತಿಂಗಳಿನಿಂದ ಒಂದು ಸಲವಾದರೂ ಆ ದಿನ ಹೋಗಲೇಬೇಕು. ಬಿ.ಪಿ. ಜಾಸ್ತಿ, ರಕ್ತ ಕಡಿಮೆ, ಹಿಂದಿನ ಹೆರಿಗೆ ಸಿಸೇರಿಯನ್ ಇದ್ದವರ ವಿಷಯವನ್ನು ನರ್ಸಮ್ಮನ ಮಟ್ಟದಲ್ಲೇ ಬಿಡಬಾರದು. ಎಲ್ಲಿ ಹೆರಿಗೆ ಅನ್ನುವುದನ್ನು ಡಾಕ್ಟರ ಹತ್ತಿರ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಹೆಲ್ತ್ ಇನ್‌ಸ್ಪೆಕ್ಟರ್ ಬಂದು ನಮ್ಮ ಡ್ರಮ್ಮಿನ ನೀರು ಚೆಲ್ಲಿಸಿದರು. ಅವರಿಗೇನು ಅಧಿಕಾರ?

ಬೇಸಿಗೆಯಲ್ಲಿ ನಲ್ಲಿ ನೀರು ಬರುವುದೇ ಅಪರೂಪ. ಹಿಡಿದಿಟ್ಟ ನೀರು ಚೆಲ್ಲಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಚರಂಡಿಯಲ್ಲಿ ಅಲ್ಲ, ಇಂಥ ತಿಳಿ ನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಡ್ರಮ್ಮು, ಸಿಮೆಂಟ್ ತೊಟ್ಟಿ ಖಾಲಿ ಮಾಡಿ ಒಳಗೋಡೆ ಉಜ್ಜಿ ತೊಳೆದರೆ ಅವರು ಬಂದರೂ ಚೆಲ್ಲಿಸಲು ಏನೂ ಇರಲ್ಲ. ಬಟ್ಟೆ ಕಟ್ಟಿ ಮುಚ್ಚಿಟ್ಟರೆ ಇನ್ನೂ ಒಳ್ಳೆಯದು.

ಹಳ್ಳಿ ಕಡೆ ಇವರನ್ನು ಈಗ ಆರೋಗ್ಯ ನಿರೀಕ್ಷಣಾಧಿಕಾರಿ ಅನ್ನುತ್ತಾರೆ. ದಾವಣಗೆರೆ ನಗರದಲ್ಲಿ ಕಸ, ಚರಂಡಿ ನೋಡುವ ಇನ್‌ಸ್ಪೆಕ್ಟರ್ ಮಹಾನಗರ ಪಾಲಿಕೆಯವರು, ಅವರೇ ಬೇರೆ.

ಸೊಳ್ಳೆಯಷ್ಟೇ ಅಲ್ಲ, ಕುಡಿಯುವ ನೀರಿನ ಮೇಲೂ ಇವರ ಕಣ್ಣು ಇರಬೇಕು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದು ನೆನಪಿದೆಯಲ್ವಾ? ನಿಮ್ಮ ಬೀದಿಯಲ್ಲಿ ಎರಡು ಮೂರು ಮನೆಯವರಿಗೆ ಒಟ್ಟಿಗೆ ವಾಂತಿ ಭೇದಿ ಶುರುವಾದರೆ ಕಾಯಬೇಡಿ. ಅದು ಒಬ್ಬೊಬ್ಬರ ಹೊಟ್ಟೆ ಕೆಟ್ಟಿದ್ದಲ್ಲ, ನೀರಿನದ್ದಿರಬಹುದು. ಆ ದಿನವೇ ಇವರಿಗೋ ಆಶಾ ಕಾರ್ಯಕರ್ತೆಗೋ ತಿಳಿಸಿ. ನೀರಿನ ಸ್ಯಾಂಪಲ್ ತೆಗೆಸುವುದು ಇವರ ಕೆಲಸ.

ಉಪಕೇಂದ್ರದಲ್ಲಿ ಕೂತು ಗುಳಿಗೆ ಕೊಡುವವರು ಡಾಕ್ಟರಾ?

ಅವರು ಸಮುದಾಯ ಆರೋಗ್ಯ ಅಧಿಕಾರಿ, ಚಿಕ್ಕದಾಗಿ ಸಿಎಚ್‌ಒ. ಹೆಚ್ಚಿನವರು ನರ್ಸಿಂಗ್ ಓದಿ ಸಮುದಾಯ ಆರೋಗ್ಯದ ತರಬೇತಿ ಮುಗಿಸಿದವರು. 2018ರಲ್ಲಿ ಆಯುಷ್ಮಾನ್ ಭಾರತ್ ಶುರುವಾದ ಮೇಲೆ ಉಪಕೇಂದ್ರಗಳಿಗೆ ಇವರು ಬಂದರು. ಆ ಕೇಂದ್ರಗಳ ಬೋರ್ಡ್ ಮೇಲೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಇರುತ್ತದೆ.

ಬಿ.ಪಿ., ಶುಗರ್ ಇದ್ದವರಿಗೆ ಇವರಷ್ಟು ಅನುಕೂಲದವರು ಇನ್ನೊಬ್ಬರಿಲ್ಲ. ಡಾಕ್ಟರ್ ಒಮ್ಮೆ ನೋಡಿ ಔಷಧಿ ಗೊತ್ತು ಮಾಡಿದ ಮೇಲೆ ಪ್ರತಿ ತಿಂಗಳ ಗುಳಿಗೆ, ಬಿ.ಪಿ. ಅಳೆಯುವುದು, ಬೆರಳು ಚುಚ್ಚಿ ಶುಗರ್ ನೋಡುವುದು ಇಲ್ಲೇ ಆಗುತ್ತದೆ. 30 ವರ್ಷ ದಾಟಿದವರಿಗೆ ಬಿ.ಪಿ., ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ಇದೆ. ಅಡಿಕೆ ಸುಲಿಯುವ ಕಡೆ, ಗುಟ್ಕಾ ಜಗಿಯುವ ಕಡೆ ಬಾಯಿ ತಪಾಸಣೆ ತಪ್ಪಿಸಬೇಡಿ. ಟಾರ್ಚ್ ಬಿಟ್ಟು ಎರಡು ನಿಮಿಷ ನೋಡುತ್ತಾರೆ, ನೋವೇನೂ ಇಲ್ಲ.

ಇ-ಸಂಜೀವಿನಿ ಮೂಲಕ ವಿಡಿಯೊ ಕರೆಯಲ್ಲಿ ಡಾಕ್ಟರ ಜೊತೆ ಮಾತಾಡಿಸುವುದೂ ಇವರೇ. ನೆಟ್‌ವರ್ಕ್ ಸಿಕ್ಕ ದಿನ ಚೆನ್ನಾಗಿ ನಡೆಯುತ್ತದೆ.

ಆದರೆ ಬಿ.ಪಿ. ಗುಳಿಗೆ ತಿಂದೂ ಇಳಿಯುತ್ತಿಲ್ಲ, ಕಾಲು ಊತ, ಎದೆ ಹಿಡಿದಂತೆ ಆಗುವುದು, ಕಾಲಿನ ಗಾಯ ಮಾಯುತ್ತಿಲ್ಲ ಅಂದರೆ ಗುಳಿಗೆ ಇಸಿದುಕೊಂಡು ಮನೆಗೆ ಬರಬೇಡಿ. ಡಾಕ್ಟರನ್ನೇ ಕಾಣಬೇಕು. ಒಳ್ಳೆಯ ಸಿಎಚ್‌ಒ ಆದರೆ ಅವರೇ ಕಳಿಸುತ್ತಾರೆ.

ಸಿಟಿಯಲ್ಲಿರುವ ಸರ್ಕಾರದ 'ನಮ್ಮ ಕ್ಲಿನಿಕ್'ನಲ್ಲಿ ಯಾರು ಇರುತ್ತಾರೆ?

ಒಬ್ಬ ಡಾಕ್ಟರ್, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನೀಷಿಯನ್, ಒಬ್ಬ ಗ್ರೂಪ್ ಡಿ. 2022ರ ಡಿಸೆಂಬರ್‌ನಲ್ಲಿ ಶುರುವಾದ ಯೋಜನೆ ಇದು. ಜ್ವರ, ಕೆಮ್ಮು, ಶುಗರ್, ಬಿ.ಪಿ.ಗೆ ಸಾಕು. ಅಡ್ಮಿಟ್ ಮಾಡಿಕೊಳ್ಳುವುದಿಲ್ಲ. ಸಣ್ಣ ನೆಗಡಿಗೂ ಸೀದಾ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಅಲ್ಲಿನ ಸಾಲು ಉದ್ದ ಮಾಡುವ ಬದಲು ಮೊದಲು ಇಲ್ಲಿ ತೋರಿಸಿ.

ಡಾಕ್ಟರ್ ಬರುವ ಮುಂಚೆ ಒಂದು ಇಂಜೆಕ್ಷನ್ ಹಾಕಿ ಕಳಿಸಿ ಅಂದರೆ ಸಿಸ್ಟರ್ ಯಾಕೆ ಹಾಕಲ್ಲ?

ಹಾಕಬಾರದು, ಅದಕ್ಕೆ. ಯಾವ ಔಷಧಿ, ಎಷ್ಟು ಅಂತ ಡಾಕ್ಟರ್ ಬರೆಯಬೇಕು. ಸ್ಟಾಫ್ ನರ್ಸ್ ಮೂರು ವರ್ಷದ ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಓದಿದವರು. ಇಂಜೆಕ್ಷನ್ ಹೇಗೆ ಹಾಕಬೇಕು ಅಂತ ಚೆನ್ನಾಗಿಯೇ ಗೊತ್ತು. ಯಾವಾಗ ಹಾಕಬಾರದು ಅನ್ನುವುದೂ ಗೊತ್ತು.

ನಮ್ಮ ಕಡೆ ಸೂಜಿ ಚುಚ್ಚದಿದ್ದರೆ ಆಸ್ಪತ್ರೆಗೆ ಹೋದ ಹಾಗೇ ಅನ್ನಿಸಲ್ಲ. ಸುಸ್ತಾಗಿದೆ, ಒಂದು ಬಾಟ್ಲಿ ಗ್ಲೂಕೋಸ್ ಏರಿಸ್ರಿ ಅಂತ ಬಾಯಿಬಿಟ್ಟು ಕೇಳುವವರು ಜಾಸ್ತಿ. ಬಾಯಲ್ಲಿ ಊಟ, ನೀರು ಇಳಿಯುತ್ತಿದ್ದರೆ ಆ ಬಾಟ್ಲಿಯಿಂದ ಸಿಗುವುದು ಒಂದಿಷ್ಟು ನೀರು ಮತ್ತು ಸಕ್ಕರೆ. ಮನೆಯ ಗಂಜಿಗೆ ಉಪ್ಪು ಹಾಕಿ ಕುಡಿದರೂ ಹೆಚ್ಚುಕಮ್ಮಿ ಅದೇ ಕೆಲಸ ಆಗುತ್ತದೆ. ಕೇಳಿದ ತಕ್ಷಣ ಏರಿಸುವ ಕ್ಲಿನಿಕ್‌ಗಿಂತ ಬೇಡ ಅನ್ನುವ ಕ್ಲಿನಿಕ್ ಮೇಲೆ ನಮಗೆ ಹೆಚ್ಚು ನಂಬಿಕೆ.

ಗಾಯಕ್ಕೆ ಡ್ರೆಸ್ಸಿಂಗ್, ಹೊಲಿಗೆ ಬಿಚ್ಚಿಸುವುದು, ಡಾಕ್ಟರ್ ಬರೆದ ಇಂಜೆಕ್ಷನ್‌ನ ಉಳಿದ ಡೋಸ್, ಇನ್ಸುಲಿನ್ ಹೇಗೆ ಚುಚ್ಚಿಕೊಳ್ಳಬೇಕು ಅನ್ನುವುದು, ಇದಕ್ಕೆಲ್ಲ ಸೀದಾ ಸಿಸ್ಟರನ್ನೇ ಕೇಳಿ. ಇನ್ಸುಲಿನ್ ವಿಷಯದಲ್ಲಂತೂ ಅವರ ಎದುರೇ ಒಂದು ಸಲ ನೀವೇ ಹಾಕಿಕೊಂಡು ತೋರಿಸಿ.

ಖಾಸಗಿ ಕ್ಲಿನಿಕ್‌ನ ಕಾಂಪೌಂಡರ್ ಓದಿದವರೇ ಆಗಿರುತ್ತಾರಾ?

ಇರಬಹುದು, ಇಲ್ಲದಿರಬಹುದು. ಎಷ್ಟೋ ಕಡೆ ಟೋಕನ್ ಕೊಡುವ ಹುಡುಗನೇ ನಾಲ್ಕು ವರ್ಷ ಆದ ಮೇಲೆ ಇಂಜೆಕ್ಷನ್ ಹಾಕಲು ಶುರು ಮಾಡಿರುತ್ತಾನೆ. 'ಏನು ಓದಿದ್ದೀಯಪ್ಪ?' ಅಂತ ಕೇಳಿದರೆ ತಪ್ಪಿಲ್ಲ. ಹೊಸ ಸೂಜಿ ನಿಮ್ಮ ಕಣ್ಣೆದುರೇ ಕವರ್ ಹರಿದು ತೆಗೆಯಬೇಕು. ಡಾಕ್ಟರ್ ಇಲ್ಲದ ಹೊತ್ತಿನಲ್ಲಿ ಕಾಂಪೌಂಡರ್ ತಾನೇ ನೋಡಿ ಔಷಧಿ ಕೊಟ್ಟರೆ ಎದ್ದು ಬನ್ನಿ.

ಡಾಕ್ಟರ್ ನಿಜವಾದವರಾ ಅಂತ ತಿಳಿಯುವುದು ಹೇಗೆ?

2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಜನ ಕೆಪಿಎಂಇ ಅನ್ನುವುದು, ಅದರ ಪ್ರಕಾರ ಪ್ರತಿ ಕ್ಲಿನಿಕ್ ಜಿಲ್ಲೆಯಲ್ಲಿ ನೋಂದಣಿ ಆಗಿರಬೇಕು. ಆ ಪ್ರಮಾಣಪತ್ರ, ದರಪಟ್ಟಿ ಗೋಡೆ ಮೇಲೆ ಕಾಣಬೇಕು. ಡಾಕ್ಟರ ಚೀಟಿಯಲ್ಲಿ ಅವರ ಹೆಸರು, ಓದು, ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಇರಬೇಕು. ಬರೀ ಬಿಳಿ ಹಾಳೆ ಮೇಲೆ ಔಷಧಿ ಬರೆದು ಕೊಟ್ಟರೆ ಅನುಮಾನ ಪಡಿ.

ಹೆಸರಿನ ಮುಂದೆ ಬಿಎಎಂಎಸ್ ಇದ್ದರೆ ಆಯುರ್ವೇದ, ಬಿಎಚ್‌ಎಂಎಸ್ ಇದ್ದರೆ ಹೋಮಿಯೋಪಥಿ, ಬಿಡಿಎಸ್ ಇದ್ದರೆ ಹಲ್ಲಿನ ಡಾಕ್ಟರ್. ಇವರೆಲ್ಲ ವರ್ಷಗಟ್ಟಲೆ ಓದಿದವರೇ, ನಕಲಿ ಅಲ್ಲ. ನಕಲಿ ಅಂದರೆ ಯಾವ ಪದವಿಯೂ ಇಲ್ಲದೆ, ಯಾರದೋ ಕ್ಲಿನಿಕ್‌ನಲ್ಲಿ ಕೆಲಸ ಮಾಡಿದ ಅನುಭವದ ಮೇಲೆ ಬೋರ್ಡ್ ಹಾಕಿಕೊಂಡವರು. 'ಅವರ ಕೈಗುಣ ಚೆನ್ನಾಗಿದೆ' ಅನ್ನುವುದು ನಮ್ಮ ಜನರ ಮಾತು. ಕೈಗುಣದ ಹಿಂದೆ ಬಹಳ ಸಲ ಇರುವುದು ಸ್ಟಿರಾಯ್ಡ್, ಅಂದರೆ ಬೇಗ ಆರಾಮ ಅನ್ನಿಸಿದರೂ ಸುಮ್ಮಸುಮ್ಮನೆ ತಗೊಂಡರೆ ಮೈ ಕೆಡಿಸುವ ಔಷಧಿ.

ಮೆಡಿಕಲ್ ಶಾಪ್‌ನವರನ್ನೇ ಕೇಳಿ ಗುಳಿಗೆ ತಗೊಂಡರೆ ಆಗಲ್ವಾ?

ಸ್ವಲ್ಪ ಮಟ್ಟಿಗೆ ಆಗುತ್ತದೆ. ಫಾರ್ಮಸಿಸ್ಟ್ ಔಷಧಿಯ ವಿಷಯ ಓದಿದವರು, ರಾಜ್ಯ ಫಾರ್ಮಸಿ ಮಂಡಳಿಯಲ್ಲಿ ನೋಂದಣಿ ಆಗಿರುತ್ತಾರೆ. ಸಣ್ಣ ಜ್ವರಕ್ಕೆ ಪ್ಯಾರಾಸಿಟಮಾಲ್, ಓಆರ್‌ಎಸ್, ಗಾಯಕ್ಕೆ ಮುಲಾಮು ಇಷ್ಟಕ್ಕೆ ಡಾಕ್ಟರ ತನಕ ಹೋಗಬೇಕಿಲ್ಲ.

ಪಿ.ಜೆ. ಬಡಾವಣೆಯಲ್ಲಿ ಬೀದಿಗೆ ಎರಡು ಮೂರು ಮೆಡಿಕಲ್ ಶಾಪ್. ಸಂಜೆ ಹೊತ್ತು ಒಂದರ ಮುಂದೆ ಹತ್ತು ನಿಮಿಷ ನಿಂತರೆ ಒಳ್ಳೆಯ ಫಾರ್ಮಸಿಸ್ಟ್ ಯಾರು ಅಂತ ತಿಳಿಯುತ್ತದೆ. ಅಜ್ಜ ಬಂದು 'ಮಂಡಿ ನೋವಿಗೆ ಒಂದು ಗುಳಿಗೆ ಕೊಡಪ್ಪ' ಅನ್ನುತ್ತಾರೆ. ಸುಮ್ನೆ ಕಿತ್ತು ಕೊಡುವವನು ಒಬ್ಬ. 'ಅಜ್ಜಾ, ಬಿ.ಪಿ. ಗುಳಿಗೆ ನುಂಗ್ತೀರಾ? ಕಿಡ್ನಿ ತೊಂದ್ರೆ ಐತಾ? ಹೊಟ್ಟೆ ಉರಿ ಬರುತ್ತಾ?' ಅಂತ ಕೇಳುವವನು ಇನ್ನೊಬ್ಬ. ನೋವಿನ ಗುಳಿಗೆಯಿಂದ ಬಿ.ಪಿ. ಏರಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. ಎರಡನೆಯವನ ಅಂಗಡಿಗೇ ಹೋಗಿ, ಎರಡು ಹೆಜ್ಜೆ ಜಾಸ್ತಿ ಆದರೂ.

ಸ್ಟ್ರಿಪ್‌ನ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ತಗೊಳ್ಳಬಾರದು. ಆಂಟಿಬಯಾಟಿಕ್‌ಗಳ ಮೇಲೆ ಇದು ಇರುತ್ತದೆ. 'ಹೋದ ಸಲ ಇದೇ ಕೊಟ್ಟಿದ್ರು, ಎರಡು ಕೊಡಿ' ಅನ್ನುವುದು ಅಪಾಯ. ನೆಗಡಿಯಂಥ ವೈರಸ್ ಜ್ವರಕ್ಕೆ ಅವು ಕೆಲಸವೇ ಮಾಡಲ್ಲ. ಬೇಕಾದ ಕಾಯಿಲೆಗೆ ಅರ್ಧ ತಿಂದು ಬಿಟ್ಟರೆ ಕಾಯಿಲೆ ಮತ್ತೆ ತಲೆ ಎತ್ತುತ್ತದೆ.

ಸ್ಟ್ರಿಪ್ ಇಲ್ಲದೆ, ಹೆಸರಿಲ್ಲದೆ ಸಣ್ಣ ಕವರಿನಲ್ಲಿ ಬಣ್ಣಬಣ್ಣದ ಬಿಡಿ ಗುಳಿಗೆ ಹಾಕಿ 'ಮೂರು ಹೊತ್ತು ನುಂಗಿ' ಅಂದರೆ ಯಾರೇ ಕೊಟ್ಟರೂ ತಗೊಳ್ಳಬೇಡಿ. ನಾಳೆ ಮೈಗೆ ಒಗ್ಗದೆ ಹೋದರೆ ಏನು ತಿಂದಿರಿ ಅಂತ ಯಾವ ಡಾಕ್ಟರಿಗೂ ಹೇಳಲು ಆಗಲ್ಲ.

ಜನೌಷಧಿ ಅಂಗಡಿಯ ಗುಳಿಗೆ ಕಡಿಮೆ ಕೆಲಸ ಮಾಡುತ್ತಾ?

ಇಲ್ಲ. ಒಳಗಿನ ಔಷಧಿ ಅದೇ, ಬ್ರ್ಯಾಂಡ್ ಹೆಸರಿಲ್ಲ ಅಷ್ಟೇ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ. ಬಿ.ಪಿ., ಶುಗರ್ ಗುಳಿಗೆ ತಿಂಗಳು ತಿಂಗಳು ಬೇಕಾದವರಿಗೆ ಉಳಿತಾಯ ಚೆನ್ನಾಗಿಯೇ ಇದೆ.

ರಕ್ತ ಕೊಡುವಾಗ ಒಂದೇ ಸಲಕ್ಕೆ ಎರಡು ಮೂರು ಟ್ಯೂಬ್ ಯಾಕೆ ತುಂಬಿಕೊಳ್ಳುತ್ತಾರೆ?

ಮುಚ್ಚಳದ ಬಣ್ಣ ನೋಡಿ. ನೇರಳೆ ಮುಚ್ಚಳದ್ದು ರಕ್ತಕಣ ಎಣಿಸಲು. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ ಇರುತ್ತದೆ. ಬೂದು ಮುಚ್ಚಳದ್ದು ಶುಗರ್‌ಗೆ. ರಕ್ತಕಣಗಳು ಟ್ಯೂಬ್ ಒಳಗೂ ಸಕ್ಕರೆ ತಿನ್ನುತ್ತಲೇ ಇರುತ್ತವೆ. ಹಾಗೇ ಬಿಟ್ಟರೆ ಶುಗರ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅದನ್ನು ನಿಲ್ಲಿಸುವ ಪುಡಿ ಬೂದು ಟ್ಯೂಬಿನಲ್ಲಿದೆ. ತೆಗೆಯುವುದು ಎಲ್ಲಾ ಸೇರಿ ಎರಡು ಮೂರು ಚಮಚ ಆದರೆ ಜಾಸ್ತಿ.

ಲ್ಯಾಬ್‌ನವರ ಹತ್ತಿರ ಮೊದಲೇ ಕೇಳಬೇಕಾದ್ದು ಇದು: ಖಾಲಿ ಹೊಟ್ಟೆಯಲ್ಲಿ ಬರಬೇಕಾ? ಹೌದು ಅಂದರೆ ಎಂಟು ಗಂಟೆ ಏನೂ ತಿನ್ನಬಾರದು. ನೀರು ಕುಡಿಯಬಹುದು. 'ಬರೀ ಚಹಾ ಕುಡಿದೆ' ಅಂದರೂ ಖಾಲಿ ಹೊಟ್ಟೆ ಲೆಕ್ಕಕ್ಕೆ ಬರಲ್ಲ. ಊಟದ ನಂತರದ್ದು ಅಂದರೆ ಮೊದಲ ತುತ್ತು ಬಾಯಿಗೆ ಇಟ್ಟ ಹೊತ್ತಿನಿಂದ ಎರಡು ಗಂಟೆ. ಆ ದಿನ ಟೆಸ್ಟ್‌ಗೋಸ್ಕರ ಎರಡು ಇಡ್ಲಿಗೆ ನಿಲ್ಲಿಸಿ, ರಿಪೋರ್ಟ್ ಬಂದ ಮೇಲೆ ಬೆಣ್ಣೆ ದೋಸೆ ಹೊಡೆಯುವವರೂ ಇದ್ದಾರೆ. ದಿನಾ ತಿನ್ನುವಷ್ಟೇ ತಿಂದು ಹೋಗಿ.

ರಿಪೋರ್ಟ್ ಏನು ಹೇಳುತ್ತೆ ಅಂತ ಲ್ಯಾಬ್‌ನವರನ್ನು ಕೇಳಬೇಡಿ. ಅಂಕಿ ಸರಿಯಾಗಿ ಕೊಡುವುದು ಅವರ ಕೆಲಸ, ಅರ್ಥ ಹೇಳುವುದು ಡಾಕ್ಟರದು.

ಎರಡು 
ವಾರದಿಂದ ಕೆಮ್ಮು. ಯಾರಿಗೆ ಹೇಳಬೇಕು?

ಆಶಾ ಕಾರ್ಯಕರ್ತೆಗೆ ಹೇಳಿದರೂ ಸಾಕು. ಕಫ ಪರೀಕ್ಷೆಗೆ ಡಬ್ಬಿ ಅವರೇ ಕೊಡುತ್ತಾರೆ. ಮಂಡಕ್ಕಿ ಭಟ್ಟಿಯಲ್ಲಿ, ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವರು 'ಹೊಗೆ, ಧೂಳಿನ ಕೆಮ್ಮು ಬಿಡಿ' ಅಂತ ತಳ್ಳಿ ಹಾಕುತ್ತಾರೆ. ಎರಡು ವಾರ ದಾಟಿದರೆ ಟಿ.ಬಿ. ಪರೀಕ್ಷೆ ಆಗಲೇಬೇಕು. ಬೆಳಿಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು, ಉಗುಳು ಕೊಟ್ಟರೆ ಪ್ರಯೋಜನ ಇಲ್ಲ.

ಟಿ.ಬಿ. ಅಂತ ಆದರೆ ಔಷಧಿ ಪೂರ್ತಿ ಉಚಿತ, ಸಾಮಾನ್ಯವಾಗಿ ಆರು ತಿಂಗಳು. ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮುಂಚೆ ಇದು 500 ಇತ್ತು.

ಲಕ್ವ ಹೊಡೆದವರಿಗೆ ಫಿಸಿಯೋಥೆರಪಿ ಯಾವಾಗ?

ಮೊದಲ ದಿನ ಡಾಕ್ಟರ್, ಆಮೇಲೆ ಫಿಸಿಯೋ. ಬಾಯಿ ಸೊಟ್ಟ ಆಗಿ, ಕೈ ಬಿದ್ದುಹೋಗಿ, ಮಾತು ತೊದಲಿದರೆ ನಾಲ್ಕೂವರೆ ಗಂಟೆಯೊಳಗೆ ಸಿ.ಟಿ. ಸ್ಕ್ಯಾನ್ ಇರುವ ದೊಡ್ಡಾಸ್ಪತ್ರೆ ಮುಟ್ಟಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಅಷ್ಟೇ ಸಮಯ. ಆ ಹೊತ್ತನ್ನು ಎಣ್ಣೆ ತಿಕ್ಕಿಸಲು, ನಾಟಿ ಔಷಧಿಗೆ ಕಳೆದರೆ ಮತ್ತೆ ಸಿಗಲ್ಲ. ಡಾಕ್ಟರ್ ಹೇಳಿದ ಮೇಲೆ ಫಿಸಿಯೋಥೆರಪಿಸ್ಟ್ ಕೈಕಾಲು ಪಳಗಿಸುತ್ತಾರೆ. ಅವರು ಹೇಳಿಕೊಟ್ಟಿದ್ದನ್ನು ಮನೆಯಲ್ಲಿ ದಿನಾ ಮಾಡಿಸುವುದು ಮಗನದೋ ಸೊಸೆಯದೋ ಕೆಲಸ.

ಮನಸ್ಸಿಗೆ ಬೇಜಾರು, ನಿದ್ದೆ ಇಲ್ಲ. ಇದಕ್ಕೂ ಆಸ್ಪತ್ರೆಯಲ್ಲಿ ಯಾರಾದರೂ ಇದ್ದಾರಾ?

ಇದ್ದಾರೆ. ಪಿಎಚ್‌ಸಿ ಡಾಕ್ಟರಿಗೆ ಹೇಳಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಮುಖ ತೋರಿಸಲು ಮುಜುಗರ ಆದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಹೆಸರು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹದಿಹರೆಯದ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ಎಚ್‌ಐವಿ ಪರೀಕ್ಷೆಗೆ ಮುಂಚೆ, ಆಮೇಲೆ ಮಾತಾಡಲು ಆಪ್ತಸಮಾಲೋಚಕರು ಬೇರೆ ಇರುತ್ತಾರೆ. ಅಲ್ಲಿ ಹೇಳಿದ್ದು ಗುಟ್ಟಾಗಿಯೇ ಇರಬೇಕು ಅಂತ ಕಾನೂನೇ ಇದೆ.

ಡಾಕ್ಟರ್ ಗಂಡಸರು. ಹೆಣ್ಣುಮಕ್ಕಳು ತಪಾಸಣೆಗೆ ಹೇಗೆ ಹೋಗುವುದು?

ಸಿಸ್ಟರ್ ಜೊತೆಗಿರಲಿ ಅಂತ ಕೇಳಿ. ಮೈ ಮುಟ್ಟಿ ನೋಡುವಾಗ ಇನ್ನೊಬ್ಬ ಮಹಿಳೆ ಇರಬೇಕು ಅನ್ನುವುದು ರೋಗಿಯ ಹಕ್ಕು.

ನಾಯಿ ಕಚ್ಚಿದರೆ, ಹಾವು ಕಚ್ಚಿದರೆ ಮೊದಲು ಯಾರ ಹತ್ತಿರ?

ನಾಯಿ ಕಚ್ಚಿದರೆ ಮೊದಲು ಮನೆಯ ನಲ್ಲಿ ಹತ್ತಿರ. ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ಆಮೇಲೆ ಪಿಎಚ್‌ಸಿ. ಗಾಯದ ಆಳ ನೋಡಿ ಬರೀ ಲಸಿಕೆ ಸಾಕಾ, ಗಾಯದ ಸುತ್ತ ಇನ್ನೊಂದು ಸೀರಂ ಹಾಕಬೇಕಾ ಅಂತ ಡಾಕ್ಟರ್ ಹೇಳುತ್ತಾರೆ. ಮುಂದಿನ ಡೋಸ್‌ಗಳ ದಿನವನ್ನು ಸಿಸ್ಟರ್ ಕಾರ್ಡಿನಲ್ಲಿ ಬರೆದುಕೊಡುತ್ತಾರೆ. ಒಂದೂ ತಪ್ಪಿಸುವಂತಿಲ್ಲ.

ಹಾವು ಕಚ್ಚಿದರೆ ಯಾರ ಸಲಹೆಗೂ ಕಾಯಬೇಡಿ. ಭದ್ರಾ ನಾಲೆಯ ಗದ್ದೆ ಬಯಲು, ಚನ್ನಗಿರಿ ಕಡೆಯ ಅಡಿಕೆ ತೋಟ ಎರಡೂ ಕಡೆ ಇದು ನಡೆಯುವುದೇ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕಾಲನ್ನು ಅಲುಗಾಡಿಸದೆ ವಿಷನಿರೋಧಕ ಇಂಜೆಕ್ಷನ್ ಇರುವ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಹಾವನ್ನು ಹುಡುಕಿ ಕೊಂದು ತರಬೇಕಾಗಿಲ್ಲ. ಕರ್ನಾಟಕದಲ್ಲಿ 2024ರಿಂದ ಆಸ್ಪತ್ರೆಗಳು ಪ್ರತಿ ಹಾವು ಕಡಿತವನ್ನೂ ಸರ್ಕಾರಕ್ಕೆ ವರದಿ ಮಾಡಬೇಕು.

108ರಲ್ಲಿ ಬರುವವರು ಡಾಕ್ಟರಾ?

ಅಲ್ಲ. ಒಬ್ಬರು ತುರ್ತು ಚಿಕಿತ್ಸೆಯ ತರಬೇತಿ ಪಡೆದವರು, ಇನ್ನೊಬ್ಬರು ಗಾಡಿ ಓಡಿಸುವವರು. ಆಕ್ಸಿಜನ್ ಕೊಡುವುದು, ರಕ್ತ ನಿಲ್ಲಿಸುವುದು, ದಾರಿಯಲ್ಲೇ ಹೆರಿಗೆ ಆದರೆ ನೋಡಿಕೊಳ್ಳುವುದು ಅವರಿಗೆ ಗೊತ್ತು. ಕರೆ ಮಾಡಿದಾಗ ಊರು, ತಾಲ್ಲೂಕು, ಹತ್ತಿರದ ದೇವಸ್ಥಾನವೋ ಶಾಲೆಯೋ ಹೇಳಿ. ಒಂದೇ ಹೆಸರಿನ ಊರು ನಮ್ಮಲ್ಲಿ ಎಷ್ಟಿಲ್ಲ!

ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಯಾರನ್ನು ಹಿಡಿಯಬೇಕು?

ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ. ಎಪಿಎಲ್‌ನವರಿಗೆ ಖರ್ಚಿನ ಶೇ 30ರಷ್ಟು, ಒಂದೂವರೆ ಲಕ್ಷದ ಮಿತಿಯಲ್ಲಿ. ಯಾವ ಚಿಕಿತ್ಸೆ ಬರುತ್ತೆ, ಯಾವ ಕಾಗದ ಬೇಕು ಅಂತ ಅವರೇ ಹೇಳುತ್ತಾರೆ. ಖಾಸಗಿ ಆಸ್ಪತ್ರೆಯಲ್ಲಿ ಈ ಯೋಜನೆ ಸಿಗಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತುರ್ತು ಇದ್ದರೆ ಸೀದಾ ಹೋಗಬಹುದು. ದುಡ್ಡು ಕಟ್ಟಿ ಅಡ್ಮಿಟ್ ಆದ ಮೇಲೆ ಕಾರ್ಡ್ ತೋರಿಸುವುದಲ್ಲ, ಮೊದಲೇ ತೋರಿಸಿ.

ಹೆರಿಗೆ ಆಯಿತು, ಡ್ರೆಸ್ಸಿಂಗ್ ಆಯಿತು ಅಂತ ಕೈಗೆ ದುಡ್ಡು ಕೇಳಿದರೆ?

ಕೊಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಊಟ, ರಕ್ತ ಎಲ್ಲಾ ಉಚಿತ, 2011ರಿಂದಲೇ. 'ಗಂಡು ಮಗು ಹುಟ್ಟಿದೆ, ಸ್ವೀಟ್‌ಗೆ ಕೊಡ್ರಿ' ಅಂತ ಶುರುವಾಗುವುದು ಆಮೇಲೆ ಹೆಣ್ಣು ಮಗುವಿಗೂ ಒಂದು ರೇಟ್ ಆಗಿ ನಿಲ್ಲುತ್ತದೆ. ಮೊದಲು ಅಲ್ಲಿನ ವೈದ್ಯಾಧಿಕಾರಿಗೆ ಹೇಳಿ. ಕೇಳದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿ, ಅವರೂ ಸುಮ್ಮನಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ. ಬಾಯಿಮಾತಲ್ಲಿ ಬೇಡ, ದಿನಾಂಕ, ಹೊತ್ತು, ವಾರ್ಡ್ ಹಾಕಿ ಬರೆದು ಕೊಡಿ. ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ.